ಬೆನ್ನಿಗೆ ಹತ್ತಿದ ಮಣ್ಣು

ನಾಯಿಯನ್ನು ಕೊಲ್ಲಲು ಕೆಂಚ ಗರಡಿಯ ಗದೆಯನ್ನೇ ಹೊತ್ತು ತಂದ.

ಜಟ್ಟಿ ಅಂತ ಆ ನಾಯಿಯ ಹೆಸರು. ಗರಡಿಯ ಹೊಸ್ತಿಲಲ್ಲೇ ಹುಟ್ಟಿ, ಪೈಲ್ವಾನರು ಕುಡಿದು ಬಿಟ್ಟ ಬಾದಾಮಿ ಹಾಲಿನ ತಳ ನೆಕ್ಕಿ ಬೆಳೆದದ್ದು. ಈಗ ಅದರ ಹಿಂಗಾಲೆರಡೂ ಸತ್ತುಹೋಗಿದ್ದವು. ಮುಂಗಾಲಿನಿಂದ ನೆಲ ಗೀರುತ್ತ, ಹಿಂದಿನ ಅರ್ಧ ಮೈಯನ್ನು ಒದ್ದೆ ಗೋಣಿಚೀಲದ ಹಾಗೆ ಎಳೆದುಕೊಂಡು, ಹಿಪ್ಪುನೇರಳೆ ತೋಟದ ಬದುವಿನಿಂದ ಮನೆಯಂಗಳದವರೆಗೆ ಬಂದು ಬಿದ್ದಿತ್ತು. ಯಾರಾದರೂ ಬೆನ್ನು ಮುಟ್ಟಿದರೆ ಕಾದ ಕಬ್ಬಿಣ ತಗುಲಿದಂತೆ ಕಿರುಚಿ ಗಾಳಿಯನ್ನೇ ಕಚ್ಚುತ್ತಿತ್ತು.

"ತಡೀರಿ, ದನದ ಡಾಕ್ಟ್ರು ಸೂಜಿ ಕೊಟ್ಟು ಮಲಗುಸ್ತಾರಂತೆ" ಅಂದಳು ಹೆಂಡತಿ ಗಿರಿಜೆ.

"ನನ್ ನಾಯಿಗೆ ಇನ್ನೊಬ್ಬನ ಕೈಲಿ ಯಾಕಮ್ಮಿ ಸಾವು?"

ಒಂದೇ ಏಟು. ಹಸಿ ತೆಂಗಿನಕಾಯಿ ಬಂಡೆಗೆ ಬಡಿದ ಸದ್ದು. ಗಿರಿಜೆ ಬೆಳಿಗ್ಗೆ ಹಾಕಿದ್ದ ರಂಗೋಲಿಯ ಮೇಲೆ ರಕ್ತ ಸಿಡಿದು, ಬಿಳಿ ಗೆರೆಗಳು ಅದನ್ನು ನಿಧಾನವಾಗಿ ಹೀರಿಕೊಂಡವು. ಕೆಂಚ ಗದೆಯನ್ನು ನಲ್ಲಿಯ ಕೆಳಗಿಟ್ಟು ತೊಳೆದ. ತೊಳೆಯುತ್ತಿದ್ದವನು ಇದ್ದಕ್ಕಿದ್ದಂತೆ ಎರಡೂ ಅಂಗೈಯಿಂದ ಕಣ್ಣು ಒತ್ತಿಕೊಂಡು ಕುಕ್ಕರಿಸಿದ.

"ಏನಾಯ್ತು?"

"ಏನಿಲ್ಲ ಬುಡು. ಬಿಸ್ಲು ಕಣ್ಣಿಗೆ ಚುಚ್ತದೆ."

ಆ ಹೊತ್ತಿನಲ್ಲಿ ಬಿಸಿಲೇ ಇರಲಿಲ್ಲ. ಗಿರಿಜೆ ಅದನ್ನು ಕಂಡಳು, ನಾಯಿ ಸತ್ತ ದುಃಖ ಅಂದುಕೊಂಡಳು.

ಅಂಕನಕೊಪ್ಪಲಿನವರು ಆ ರೋಗಕ್ಕೆ ತಲೆಹುಳ ಅನ್ನುತ್ತಿದ್ದರು. ಹುಳುವಿನ ತೌರುಮನೆ ಮಾತ್ರ ತಲೆಯಲ್ಲ, ಇಲಿಯ ಎದೆ. ಇಲಿಯ ಎದೆಯ ರಕ್ತನಾಳದಲ್ಲಿ ದಾರದೆಳೆಯಂತೆ ಸಂಸಾರ ಹೂಡಿ ಅಲ್ಲೇ ಮೊಟ್ಟೆಯಿಡುತ್ತದೆ. ಮರಿಗಳು ಹಿಕ್ಕೆಯಲ್ಲಿ ಹೊರಬೀಳುತ್ತವೆ. ಹಿಕ್ಕೆ ನೆಕ್ಕಿದ ಬಸವನಹುಳುವಿನ ಮೈಯಲ್ಲಿ ಬಲಿಯುತ್ತವೆ. ಆ ಬಸವನಹುಳುವನ್ನು ಇನ್ನೊಂದು ಇಲಿ ತಿಂದರೆ ಅದರ ಮಿದುಳಿಗೆ ಹೋಗಿ ಬೆಳೆದು, ದಾರಿ ಹಿಡಿದು ಮತ್ತೆ ಎದೆಗೆ ಇಳಿಯುತ್ತವೆ. ಇಲಿಗೂ ಹುಳುವಿಗೂ ತಲತಲಾಂತರದ ಒಪ್ಪಂದ ಅದು. ನಾಯಿಗೂ ಮನುಷ್ಯನಿಗೂ ಆ ಒಪ್ಪಂದವಿಲ್ಲ. ನಮ್ಮ ಹೊಟ್ಟೆ ಸೇರಿದ ಮರಿಗೆ ಮಿದುಳಿನವರೆಗೆ ದಾರಿ ಗೊತ್ತು, ಅಲ್ಲಿಂದ ಹೊರಗೆ ಬರುವ ದಾರಿ ಗೊತ್ತಿಲ್ಲ. ಅಲ್ಲೇ ಅಲೆದು ಅಲ್ಲೇ ಸಾಯುತ್ತದೆ.

ಅಂಗೈ ಅಗಲದ, ಶಂಖದಂಥ ಚಿಪ್ಪಿನ ಪರದೇಶಿ ಬಸವನಹುಳು ನಾಲೆಯ ಗುಂಟ ಬಂದು ಹಿಪ್ಪುನೇರಳೆ ತೋಟಗಳಿಗೆ ಮುತ್ತಿದ ಮೇಲೆ ಇಲಿಗಳಿಗೆ ಹಬ್ಬವಾಯಿತು. ಮೊದಲು ನಾಯಿಗಳ ಹಿಂಗಾಲು ಬಿದ್ದವು. ಆಮೇಲೆ ದರ್ಜಿಯ ಮಗಳು ಬಸವನಹುಳು ಹರಿದಾಡಿದ್ದ ಹಸಿ ಸೊಪ್ಪು ತಿಂದು ಕಣ್ಣು ಕಳೆದುಕೊಂಡಳು. ಹಿಟ್ಟಿನ ಗಿರಣಿಯ ಮುದುಕ ತಲೆನೋವಿಗೆ ಗೋಡೆಗೆ ಹಣೆ ಚಚ್ಚಿಕೊಂಡೇ ಸತ್ತ.

ಆಗ ಬಂದದ್ದು ಕಂಬ. ನಾಲೆಯ ಏರಿಯ ಮೇಲೆ, ತಂತಿಬೇಲಿಯ ನಡುವೆ, ನೀರಿನ ಟ್ಯಾಂಕಿಗಿಂತ ಎತ್ತರದ ಉಕ್ಕಿನ ಕಂಬ. ಅದರ ಬುಡದಲ್ಲಿ ಒಂದು ಕೋಣೆ, ಕೋಣೆಯ ತುಂಬ ಮೀಟರುಗಳು. ಐಟಿಐನಲ್ಲಿ ಎಲೆಕ್ಟ್ರಿಕಲ್ ಓದಿದ್ದ ಗಿರಿಜೆಗೆ ಅಲ್ಲಿ ಕೆಲಸ ಸಿಕ್ಕಿತು. ಕಂಬವನ್ನು ಕಟ್ಟಿದ ಡಾಕ್ಟರ್ ಐತಾಳರು ಸಣಕಲು ಮನುಷ್ಯ, ದಪ್ಪ ಕನ್ನಡಕ, ಊಟದ ನಡುವೆ ಎದ್ದುಹೋಗಿ ಲೆಕ್ಕ ಮಾಡುವ ಸ್ವಭಾವ. ಮೊದಲ ದಿನವೇ ಅವಳಿಗೆ ಬಿಡಿಸಿ ಹೇಳಿದ್ದರು:

"ನಿಮ್ಮೂರಲ್ಲಿ ರೇಷ್ಮೆ ನೂಲು ಬಿಚ್ಚೋ ಚರಕ ನೋಡಿದ್ದೀರಲ್ಲ, ಗಿರಿಜಮ್ಮ? ಒಂದು ವೇಗಕ್ಕೆ ಬಂದಾಗ ಒಂದೇ ಒಂದು ಎಳೆ ನಡುಗಿ ಪಟ್ಟಂತ ಹರಿಯುತ್ತೆ, ಪಕ್ಕದ್ದಕ್ಕೆ ಏನೂ ಆಗೋದಿಲ್ಲ. ಈ ಹುಳಕ್ಕೂ ಹಾಗೇ ಒಂದು ವೇಗ ಇದೆ. ಕಂಬ ಆ ವೇಗದಲ್ಲಿ ಮಿಡಿದರೆ ಸುತ್ತಲಿನ ಇಲಿ, ಬಸವನಹುಳು ಎಲ್ಲದರ ಒಳಗಿರೋ ಹುಳ ಹರಿದು ಚೂರಾಗುತ್ತೆ. ನಮಗೆ ನಿಮಗೆ ಸೊಳ್ಳೆ ಹಾಡಿದಷ್ಟೂ ಗೊತ್ತಾಗೋದಿಲ್ಲ."

"ಮತ್ತೆ ಜನರ ತಲೇಲಿ ಇರೋ ಹುಳ, ಸಾರ್?"

ಐತಾಳರು ಕನ್ನಡಕ ತೆಗೆದು ಒರೆಸಿದರು. "ಅದೇ ಅಪಾಯ. ಬದುಕಿರೋ ಹುಳಕ್ಕಿಂತ ಸತ್ತ ಹುಳ ಕೆಟ್ಟದ್ದು. ತಾನಾಗಿ ಸತ್ತರೆ ನಿಧಾನ ಕರಗುತ್ತೆ. ಮಿಡಿತಕ್ಕೆ ಸತ್ತರೆ ಎಲ್ಲ ಒಟ್ಟಿಗೆ ಒಡೆದು, ವಿಷ ಹರಡಿ, ಗಳಿಗೆಯಲ್ಲಿ ಮಿದುಳು ಬಾತುಬಿಡುತ್ತೆ. ಮನುಷ್ಯ ಹುಚ್ಚು ಹಿಡಿದ ಹಾಗೆ ಆಡಿ ಸಾಯ್ತಾನೆ. ಬೆನ್ನುಹುರಿಯಿಂದ ನೀರು ತೆಗೆದು ಒತ್ತಡ ಇಳಿಸಿದರೆ ಉಳಿದಾನು. ಅದಕ್ಕೇ ಮೊದಲು ಎಲ್ಲರ ಬೆನ್ನಿನ ನೀರು ಪರೀಕ್ಷೆ ಆಗಬೇಕು. ಹುಳ ಇದ್ದವರು ಮಿಡಿತ ತಲುಪದ ಹಾಗೆ ಹೊಳೆ ದಾಟಿ ಆಸ್ಪತ್ರೆಗೆ ಹೋಗಿ ಇರಲಿ. ಆಮೇಲೆ ಕಂಬ."

ಊರಿಗೆ ಊರೇ ಬೆನ್ನು ಕೊಟ್ಟಿತು, ಗರಡಿಯೊಂದನ್ನು ಬಿಟ್ಟು.

ಗರಡಿಯ ಉಸ್ತಾದ್ ಮಾಯಣ್ಣ, ಕೆಂಚನ ಅಪ್ಪ. ಅರವತ್ತು ದಾಟಿದರೂ ಹೆಗಲು ಕಲ್ಲುಕಂಬದ ಹಾಗಿತ್ತು. ಮೈಸೂರಿನಿಂದ ಕೊಲ್ಲಾಪುರದವರೆಗೆ ಕುಸ್ತಿ ಆಡಿ ಒಮ್ಮೆಯೂ ಚಿತ್ ಆಗದ ಮನುಷ್ಯ. ಬೆನ್ನು ಮಣ್ಣು ಮುಟ್ಟಿದರೆ ಸೋಲು ಅನ್ನುವುದು ಎಲ್ಲ ಕುಸ್ತಿಯ ಲೆಕ್ಕ. ಅಂಕನಕೊಪ್ಪಲಿನ ಗರಡಿಯಲ್ಲಿ ಅದು ಲೆಕ್ಕಕ್ಕಿಂತ ದೊಡ್ಡದು. ಪೈಲ್ವಾನನ ಬೆನ್ನಿಗೆ ಉಸ್ತಾದ ಎಣ್ಣೆ ತಿಕ್ಕಬೇಕು, ಬೇರೆ ಯಾರ ಕೈಯೂ ಬೀಳಬಾರದು. ಮಲಗುವಾಗಲೂ ಮಗ್ಗುಲಾಗಿಯೇ ಮಲಗಬೇಕು.

ಐತಾಳರು ಸೂಜಿಯ ಪೆಟ್ಟಿಗೆ ಹಿಡಿದು ಗರಡಿಯ ಬಾಗಿಲಿಗೆ ಬಂದಾಗ ಮಾಯಣ್ಣ ಕೈಮುಗಿದೇ ಮಾತಾಡಿದ.

"ಸ್ವಾಮಿ, ಪೈಲ್ವಾನನ ಎದೆ ಊರಿಂದು, ಬೆನ್ನು ಗರಡೀದು. ಬೇಕಾದ್ರೆ ಎದೆಗೆ ಚುಚ್ಕಳಿ."

"ಎದೆಯಲ್ಲಿ ಆ ನೀರು ಸಿಗೋದಿಲ್ಲ ಉಸ್ತಾದ್ರೆ."

"ಸಿಗ್ದಿದ್ರೆ ಬುಡಿ."

ಕುಸ್ತಿಯಾಡುವ ಮಟ್ಟಿಯ ಕೆಂಪು ಮಣ್ಣು ಹದ ಮಾಡುತ್ತಿದ್ದ ಪೈಲ್ವಾನ ಚಿಕ್ಕಲಿಂಗ ಅಲ್ಲಿಂದಲೇ ಕೂಗಿದ: "ಜಟ್ಟಿ ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ ಅಂತಾರೆ ಸಾ. ಬೆನ್ನಿಗೆ ತೂತು ಬಿದ್ರೆ ಏನಂತಾರೆ?"

ಪೈಲ್ವಾನರೆಲ್ಲ ತೊಡೆ ತಟ್ಟಿ ನಕ್ಕರು. ಐತಾಳರೂ ಸೋತು ನಕ್ಕರು. "ಆಯ್ತು, ಇದಾದರೂ ಹೇಳಿ. ಬಸವನಹುಳ, ಏಡಿ, ಕಪ್ಪೆ, ಹಸಿ ಸೊಪ್ಪು, ಏನಾದರೂ ತಿಂದಿದ್ದೀರಾ? ಯಾರಿಗಾದರೂ ತಲೆನೋವು?"

"ಬಸವನುಳ ತಿನ್ನಕ್ಕೆ ನಾವೇನ್ ಕೊಕ್ಕರೆಗಳಾ?" ಅಂದ ಕೆಂಚ. ಮತ್ತೆ ನಗೆ.

ತಲೆನೋವಿನ ಮಾತಿಗೆ ಯಾರೂ ಉತ್ತರ ಕೊಡಲಿಲ್ಲ. ತಲೆನೋವು ಅನ್ನುವವನನ್ನು ಮಟ್ಟಿಗೆ ಇಳಿಸುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಐತಾಳರಿಗೆ ಆ ಮೌನವೇ ಇಲ್ಲ ಅನ್ನುವ ಉತ್ತರವಾಗಿ ಕೇಳಿಸಿತು.

ಮನೆಯಲ್ಲಿ ಗಿರಿಜೆ ಗಂಡನನ್ನು ನೋಡುತ್ತಲೇ ಇದ್ದಳು. ಅವನಿಗೆ ಅಂಗಿ ಮೈಗೆ ಸೋಕಿದರೆ ಆಗುತ್ತಿರಲಿಲ್ಲ. ಹೊದಿಕೆ ಒದ್ದು ಬರಿಯ ಸಿಮೆಂಟಿನ ಮೇಲೆ ಮಲಗುತ್ತಿದ್ದ. ಉಷ್ಣ ಇರಬೇಕು ಅಂತ ಅವಳು ನೆತ್ತಿಗೆ ಹರಳೆಣ್ಣೆ ಒತ್ತಿದಳು, ಮಜ್ಜಿಗೆಗೆ ಮೆಂತ್ಯ ಹಾಕಿ ಕೊಟ್ಟಳು. ಎಣ್ಣೆ ಒತ್ತುವಾಗ ಅವನು ಹಲ್ಲು ಕಚ್ಚಿ ಕೂತಿರುತ್ತಿದ್ದ.

"ನಾಳೆ ಬೆಳಿಗ್ಗೆ ಕಂಬಕ್ಕೆ ಕರೆಂಟ್ ಬಿಡ್ತಾರೆ. ನೀವೊಬ್ರಾದ್ರೂ ಹೊಳೆ ಆಚೆ ನನ್ ತಮ್ಮನ ಮನೆಗೆ ಹೋಗ್ಬನ್ನಿ."

"ಗರಡಿ ಬುಟ್ಟು ಓಡೋಗ್ಲಾ? ದಸರಾ ಕುಸ್ತಿ ತಲೆ ಮೇಲದೆ." ಅವನು ಅವಳ ಮಣಿಕಟ್ಟು ಹಿಡಿದ, ತಮಾಷೆಗೇ. "ಬಿಡಿಸ್ಕೊ ನೋಡುವ. ಉಡದ ನಾಲಿಗೆ ಇಳ್ದಿರೋ ಕೈ ಕಣಮ್ಮಿ ಇದು."

ಅದು ಆ ಗರಡಿಯ ಗುಟ್ಟಿನ ಪದ್ಧತಿ. ಉಡ ಒಮ್ಮೆ ಬಂಡೆ ಹಿಡಿದರೆ ಬಾಲಕ್ಕೆ ಹಗ್ಗ ಕಟ್ಟಿ ಎಳೆದರೂ ಬಿಡುವುದಿಲ್ಲ. ದೊಡ್ಡ ಕುಸ್ತಿಯ ಮುಂಚೆ ಉಸ್ತಾದ ಉಡದ ನಾಲಿಗೆ ಕುಯ್ದು, ವೀಳ್ಯದೆಲೆಯಲ್ಲಿ ಬೆಲ್ಲದ ಜೊತೆ ಸುತ್ತಿ, ಹಸಿಯಾಗಿಯೇ ಪೈಲ್ವಾನನ ಬಾಯಿಗೆ ಇಡುತ್ತಾನೆ. ಆ ಹಿಡಿತ ಇವನ ಕೈಗೆ ಬರಲಿ ಅಂತ. ಈ ಸಲ ಆ ನಾಲಿಗೆ ಇಳಿದದ್ದು ಕೆಂಚನೊಬ್ಬನಿಗೇ. ಅರಣ್ಯದವರಿಗೆ ಗೊತ್ತಾದರೆ ಜೈಲು. ಹೊರಗೆ ಯಾರೂ ಅದರ ಮಾತೆತ್ತುವುದಿಲ್ಲ.

"ಬಿಡಿ, ನೋಯ್ತದೆ" ಅಂದಳು ಗಿರಿಜೆ. ಕೆಂಚ ಬಿಡಲಿಲ್ಲ. ಅವನ ಕಣ್ಣು ಅವಳನ್ನು ದಾಟಿ ಗೋಡೆಯ ಮೇಲೆ ಎಲ್ಲೋ ನೆಟ್ಟಿತ್ತು. ಮೂಳೆ ಕಟಕಟ ಅಂದಾಗ ಅವಳು ಕಿರುಚಿದಳು. ಅವನು ಬೆಚ್ಚಿ ಕೈಬಿಟ್ಟು, ತನ್ನ ಅಂಗೈಯನ್ನು ಬೇರೆ ಯಾರದೋ ಎಂಬಂತೆ ನೋಡಿಕೊಂಡ. "ನಾನಲ್ಲ ಕಣೆ" ಅಂದ.

ಬೆಳಿಗ್ಗೆ ಕಂಬ ಮಿಡಿಯತೊಡಗಿತು. ಸದ್ದಿಲ್ಲ, ಬೆಳಕಿಲ್ಲ. ಮೀಟರಿನ ಮುಳ್ಳು ಮಾತ್ರ ಸ್ವಲ್ಪ ಸ್ವಲ್ಪವಾಗಿ ಏರಿತು. ಕಿಟಕಿಯಾಚೆ ನಾಲೆಯ ಏರಿಯ ಮೇಲೆ ಬಸವನಹುಳುಗಳು ಚಿಪ್ಪಿನೊಳಗೆ ಸೇದಿಕೊಂಡವು. ಬಿಲದಿಂದ ಒಂದೆರಡು ಇಲಿ ಹೊರಬಂದು ಗಿರಗಿರ ಸುತ್ತಿ ಓಡಿದವು.

"ಅರ್ಧಕ್ಕೆ ಬಂತು" ಅಂದರು ಐತಾಳರು. ಸಂತೋಷಕ್ಕೆ ಅಂಗೈ ಉಜ್ಜಿಕೊಂಡರು.

ಆಗಲೇ ತಂತಿಬೇಲಿಯ ಬುಡದಲ್ಲಿ ಏನೋ ಧಡಧಡಿಸಿತು. ತೋಳುದ್ದದ ಉಡ. ಅದರ ದವಡೆಯ ನಡುವೆ ಅರ್ಧ ಅಗಿದ ಬಸವನಹುಳು ಇತ್ತು, ಚಿಪ್ಪಿನ ಚೂರು ತುಟಿಗೆ ಅಂಟಿತ್ತು. ಉಡ ಅದನ್ನು ಉಗುಳಿ ಬೆನ್ನ ಮೇಲೆ ಉರುಳಿತು, ಎದ್ದಿತು, ತನ್ನ ಬಾಲವನ್ನೇ ಕಚ್ಚಿ ತುಂಡು ಹಾರಿಸಿತು. ಕೊನೆಗೆ ಬೇಲಿಯ ತಂತಿಗೆ ಬಾಯಿ ಹಾಕಿ, ದವಡೆ ಹರಿದು ರಕ್ತ ಸುರಿದರೂ ಬಿಡದೆ, ಹಾಗೇ ಜೋತು ಸತ್ತಿತು.

ಗಿರಿಜೆ ತಂತಿ ಹಿಡಿದ ಆ ದವಡೆಯನ್ನು ನೋಡಿದಳು. ತನ್ನ ಮಣಿಕಟ್ಟಿನ ಮೇಲೆ ನೀಲಿಗಟ್ಟಿದ ಬೆರಳ ಗುರುತು ನೋಡಿಕೊಂಡಳು.

"ಸಾರ್, ನಿಲ್ಲಿಸಿ. ಉಡ ಬಸವನುಳ ತಿಂತದೆ. ನಮ್ಮೋರು ಉಡದ ನಾಲಿಗೆ ಹಸೀದು ತಿಂದವ್ರೆ!"

ಐತಾಳರ ಮುಖ ಬಿಳಿಚಿತು. ಆದರೂ ಕೈ ಗುಂಡಿಯ ಕಡೆಗೆ ಹೋಗಲಿಲ್ಲ. "ಅರ್ಧಕ್ಕೆ ನಿಲ್ಲಿಸಿದರೆ ಸಾಯದೆ ಉಳಿದ ಹುಳ ಇನ್ನು ಯಾವ ಮಿಡಿತಕ್ಕೂ ಬಗ್ಗೋದಿಲ್ಲ ಗಿರಿಜಮ್ಮ. ಸುತ್ತ ಎಷ್ಟು ಊರು, ಎಷ್ಟು ಮಕ್ಕಳು..."

"ನನ್ ಗಂಡ ಅವ್ನೆ ಅಲ್ಲಿ!"

"ಇನ್ನು ಸ್ವಲ್ಪ ಹೊತ್ತು, ಅಷ್ಟೇ..."

ಐತಾಳರು ಗುಂಡಿಗೆ ಅಡ್ಡವಾಗಿ ನಿಂತರು. ಬೇಲಿಯ ಹುಲ್ಲು ಸವರುವ ಮಚ್ಚು ಬಾಗಿಲ ಸಂದಿಯಲ್ಲಿತ್ತು. ಅವಳು ತೆಗೆದುಕೊಂಡಳು. ಐತಾಳರು ಹಿಂದಿನಿಂದ ತಬ್ಬಿ ಹಿಡಿದರು. ಅವಳು ಮೊಣಕೈ ಬೀಸಿದ ಹೊಡೆತಕ್ಕೆ ಕನ್ನಡಕ ಒಡೆದು ಗಾಜು ಅವರ ಹುಬ್ಬಿಗೆ ಇಳಿಯಿತು. ಕಂಬಕ್ಕೆ ಹೋಗುವ ಕೇಬಲ್ ಯಾವುದೆಂದು ಅವಳಿಗೆ ಗೊತ್ತಿತ್ತು, ಮುಟ್ಟಿದರೆ ಏನಾಗುತ್ತದೆಂದೂ ಗೊತ್ತಿತ್ತು. ರಬ್ಬರಿನ ಚಾಪೆಯ ಮೇಲೆ ನಿಂತು, ಸೆರಗನ್ನು ಹಿಡಿಗೆ ಸುತ್ತಿ ಬೀಸಿದಳು. ನೀಲಿ ಬೆಂಕಿ ಕೋಣೆಯ ತುಂಬ ಹಾರಿತು. ಮಚ್ಚಿನ ಬಾಯಿ ಕರಗಿಹೋಯಿತು. ಅವಳ ಅಂಗೈಯ ಚರ್ಮ ಸುಟ್ಟ ಸೆರಗಿಗೆ ಅಂಟಿಕೊಂಡು ಬಂತು. ಮುಳ್ಳು ಸೊನ್ನೆಗೆ ಬಿತ್ತು.

ಐತಾಳರ ಕೆನ್ನೆಯ ಮೇಲೆ ರಕ್ತ ಇಳಿಯುತ್ತಿತ್ತು. ಅವರು ಬೈಯಲಿಲ್ಲ. ಗೋಡೆಯ ಕಪಾಟಿನಿಂದ ಸೂಜಿಯ ಪೆಟ್ಟಿಗೆ ಎಳೆದುಕೊಂಡು, "ನಡೀರಿ" ಅಂದರು.

ಗರಡಿಯ ಮುಂದೆ ಊರು ಸೇರಿತ್ತು. ಬಾಗಿಲಿಗೆ ಹೊರಗಿನಿಂದ ಅಗುಳಿ ಹಾಕಿತ್ತು. ಒಳಗಿನಿಂದ ಬರುತ್ತಿದ್ದ ಕೂಗು ಮನುಷ್ಯನದೆಂದು ಹೇಳುವಂತಿರಲಿಲ್ಲ. ಜಗಲಿಯ ಮೇಲೆ ಚಿಕ್ಕಲಿಂಗ ಬಿದ್ದಿದ್ದ. ಅವನ ತೋಳಿನ ಮೂಳೆ ಚರ್ಮ ಸೀಳಿ ಹೊರಗೆ ಬಂದಿತ್ತು. ಪಕ್ಕದಲ್ಲಿ ಇನ್ನೊಬ್ಬ ಕಿವಿಯಿದ್ದ ಜಾಗಕ್ಕೆ ಪಂಚೆ ಒತ್ತಿಕೊಂಡು ಕೂತಿದ್ದ, ಕಿವಿ ಇರಲಿಲ್ಲ. ಗಿರಣಿಯ ಮುದುಕನ ಮಗ ಹಂದಿ ಹೊಡೆಯುವ ಕೋವಿ ತಂದು ಕಿಟಕಿಯ ಸರಳಿನ ನಡುವೆ ತೂರಿಸುತ್ತಿದ್ದ.

"ಹುಚ್ಚುನಾಯಿ ಆಗವ್ನೆ ಉಸ್ತಾದ್ರೆ. ಬೀದಿಗೆ ಬಂದ್ರೆ ಮಕ್ಕಳು ಮರೀನ ಸೀಳಾಕ್ತಾನೆ. ಹೊಡೀತೀನಿ."

ಮಾಯಣ್ಣ ಕೋವಿಯ ನಳಿಗೆ ಹಿಡಿದು ಪಕ್ಕಕ್ಕೆ ತಳ್ಳಿದ. ಅವನ ಇನ್ನೊಂದು ಕೈಯಲ್ಲಿ ಗದೆ ಇತ್ತು, ಕೆಂಚ ತೊಳೆದಿಟ್ಟಿದ್ದ ಅದೇ ಗದೆ.

"ನನ್ ಮಗನಿಗೆ ಇನ್ನೊಬ್ಬನ ಕೈಲಿ ಯಾಕೆ ಸಾವು?"

"ಮಾವ!" ಗಿರಿಜೆ ಓಡಿಬಂದು ಸುಟ್ಟ ಕೈಯಲ್ಲೇ ಗದೆ ಹಿಡಿದಳು. "ಉಳೀತಾರೆ ಮಾವ. ತಲೇಲಿ ನೀರು ತುಂಬ್ಕಂಡದೆ. ಬೆನ್ನಿಂದ ತೆಗೆದ್ರೆ ಇಳೀತದೆ. ಅವ್ರ ಬೆನ್ನು ಬೇಕು, ಅಷ್ಟೆ."

ಮಾಯಣ್ಣ ಸೊಸೆಯ ಮುಖವನ್ನು, ಡಾಕ್ಟರ ಕೈಯಲ್ಲಿದ್ದ ಉದ್ದನೆಯ ಸೂಜಿಯನ್ನು ನೋಡಿದ. "ಎಷ್ಟೊತ್ತು ಬೇಕು?"

"ಬೆನ್ನು ಬಿಲ್ಲಿನ ಹಾಗೆ ಬಾಗಿರಬೇಕು. ಅಲ್ಲಾಡಬಾರದು" ಅಂದರು ಐತಾಳರು. "ಅಲ್ಲಾಡಿದರೆ ಸೂಜಿ ಒಳಗೇ ಮುರಿಯುತ್ತೆ. ಅಮಲಿನ ಸೂಜಿಯನ್ನೂ ಈಗ ಕೊಡೋ ಹಾಗಿಲ್ಲ, ಉಸಿರೇ ನಿಲ್ಲುತ್ತೆ."

"ಅಲ್ಲಾಡಲ್ಲ."

ಮಾಯಣ್ಣ ಗದೆಯನ್ನು ಗೋಡೆಗೆ ಒರಗಿಸಿದ. ಅಂಗಿ ಪಂಚೆ ಕಳಚಿ ಚಡ್ಡಿಯಲ್ಲಿ ನಿಂತ. ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಅಗುಳಿ ತೆಗೆದ. ಹಿಂದೆಯೇ ಗಿರಿಜೆ ಮತ್ತು ಐತಾಳರು ಒಳಗೆ ನುಗ್ಗಿ ಬಾಗಿಲು ಮುಚ್ಚಿದರು.

ಹನುಮಂತನ ಪಟ ಚೂರಾಗಿ ಬಿದ್ದಿತ್ತು. ಮಟ್ಟಿಯ ನಡುವೆ ಕೆಂಚ ನಿಂತಿದ್ದ. ಮೈತುಂಬ ಕೆಂಪು ಮಣ್ಣು, ಬಾಯಲ್ಲಿ ರಕ್ತದ ನೊರೆ, ಒಂದು ಕಣ್ಣಿನ ಗುಡ್ಡೆ ಮೂಗಿನ ಕಡೆಗೆ ಹೊರಳಿತ್ತು. ಗರಡಿಯ ಕಂಬಕ್ಕೆ ತಾನೇ ಚಚ್ಚಿಕೊಂಡ ಹಣೆಯ ಚರ್ಮ ಸೀಳಿ ನೇತಾಡುತ್ತಿತ್ತು.

"ಬಾಲಾ ಮಗ" ಅಂದ ಮಾಯಣ್ಣ, ದಿನವೂ ಕರೆಯುವ ಹಾಗೆಯೇ. ತೊಡೆ ತಟ್ಟಿದ.

ತಲೆ ಮರೆತದ್ದನ್ನು ಮೈ ಮರೆತಿರಲಿಲ್ಲ. ತೊಡೆ ತಟ್ಟಿದ ಸದ್ದಿಗೆ ಕೆಂಚ ಬಗ್ಗಿ ನಿಂತ, ನುಗ್ಗಿದ. ಹೆಗಲಿಗೆ ಹೆಗಲು ತಾಗಿದ ಸದ್ದಿಗೆ ಹಂಚಿನ ದೂಳು ಉದುರಿತು. ಮಗನ ತಲೆ ಅಪ್ಪನ ಮುಖಕ್ಕೆ ಬಡಿದು ಮೂಗು ಒಡೆಯಿತು. ಮಾಯಣ್ಣ ಮಗ್ಗುಲಿಗೆ ಸರಿದು ಸೊಂಟ ಹಿಡಿದ. ಕೆಂಚ ಅವನ ಹೆಗಲ ಮಾಂಸಕ್ಕೆ ಹಲ್ಲು ಹಾಕಿ ಕಿತ್ತ. ಎರಡು ಸಲ ಮಾಯಣ್ಣ ಅವನನ್ನು ಮೊಣಕಾಲಿಗೆ ತಂದ, ಎರಡು ಸಲವೂ ಅವನು ಗೂಳಿಯ ಹಾಗೆ ಕೊಡವಿ ಎದ್ದ. ಮೇಲಿನಿಂದ ಅದುಮಿ ಹಿಡಿಯಬಹುದು. ಆದರೆ ಮೇಲೆ ಅಪ್ಪ ಇದ್ದರೆ ಸೂಜಿಗೆ ಬೆನ್ನೆಲ್ಲಿ?

ಮಾಯಣ್ಣನಿಗೆ ಅದು ಹೊಳೆದ ಗಳಿಗೆಯನ್ನು ಗಿರಿಜೆ ಕಣ್ಣಾರೆ ಕಂಡಳು. ಮುದುಕ ಒಮ್ಮೆ ಅವಳ ಕಡೆ ತಿರುಗಿದ. ಕಿಟಕಿಯ ಸರಳುಗಳ ಆಚೆ ತುಂಬಿದ್ದ ಊರಿನ ಮುಖಗಳನ್ನು ನೋಡಿದ. ಆಮೇಲೆ ಮಗನ ಕೊರಳನ್ನು ಎರಡೂ ಕೈಯಲ್ಲಿ ಬಾಚಿ ತಬ್ಬಿ, ತಾನಾಗಿಯೇ ಹಿಂದಕ್ಕೆ ಬಿದ್ದ.

ಮಟ್ಟಿಯ ಮಣ್ಣಿಗೆ ಅವನ ಬೆನ್ನು ಚಪ್ಪಟೆಯಾಗಿ ಬಡಿಯಿತು. ಕಿಟಕಿಯಾಚೆ ಜನ ಒಮ್ಮೆಗೇ ಉಸಿರೆಳೆದರು.

ಮೇಲೆ ಬಿದ್ದ ಮಗನ ನಡುವಿಗೆ ಮಾಯಣ್ಣ ಎರಡೂ ಕಾಲು ಸುತ್ತಿ ಬೀಗ ಹಾಕಿದ. ಕೊರಳ ಹಿಂದೆ ಬೆರಳಿಗೆ ಬೆರಳು ಹೆಣೆದು ತಲೆಯನ್ನು ತನ್ನೆದೆಗೆ ಎಳೆದ. ಕೆಂಚನ ಬೆನ್ನು ಬಿಲ್ಲಿನಂತೆ ಬಾಗಿ ಮೇಲೆದ್ದಿತು, ಗೆಣ್ಣು ಗೆಣ್ಣೂ ಕಾಣುವಂತೆ.

"ಹಾಕ್ರಿ ಸ್ವಾಮಿ!"

ಐತಾಳರು ಒಡೆದ ಕನ್ನಡಕದಲ್ಲೇ ಮಂಡಿಯೂರಿದರು. ಗಿರಿಜೆ ಗಂಡನ ಸೊಂಟದ ಮಣ್ಣನ್ನು ಸೀಸೆಯ ಔಷಧಿಯಿಂದ ತೊಳೆದಳು. ಇಬ್ಬರ ನಡುವೆ ಸಿಕ್ಕಿಕೊಂಡಿದ್ದ ಕೆಂಚನ ಮುಂಗೈ ಅಪ್ಪನ ಗಂಟಲ ಮೇಲಿತ್ತು. ಅವನು ಇಡೀ ಭಾರ ಅದರ ಮೇಲೆ ಬಿಟ್ಟ. ಮಾಯಣ್ಣನ ಮುಖ ಕೆಂಪಾಯಿತು, ಕಪ್ಪಾಯಿತು. ಕೈ ಬಿಟ್ಟು ಆ ಮುಂಗೈಯನ್ನು ತಳ್ಳಿದ್ದರೆ ಉಸಿರಾಡಬಹುದಿತ್ತು. ಕೈ ಬಿಡಲಿಲ್ಲ.

"ಬೇಗ ಸಾರ್, ಮಾವ..."

"ಅಲ್ಲಾಡಿಸಬೇಡಿ!"

ಸೂಜಿ ಇಳಿಯಿತು. ಮಾಯಣ್ಣನ ಗಂಟಲಲ್ಲಿ ಎಳೆ ಕಬ್ಬು ಮುರಿದಂಥ ಸಣ್ಣ ಸದ್ದು. ಅದೇ ಹೊತ್ತಿಗೆ ಸೂಜಿಯ ಬಾಯಿಂದ ಎಳನೀರಿನಂಥ ಮಸುಕು ನೀರು ಚಿಮ್ಮಿ ಐತಾಳರ ಎದೆಗೆ ಹೊಡೆಯಿತು. ಚಿಮ್ಮಿತು, ಹರಿಯಿತು, ಕೊನೆಗೆ ಹನಿಹನಿಯಾಯಿತು. ಕೆಂಚನ ಮೈಯ ಬಿಗಿ ಸಡಿಲವಾಯಿತು. ಅವನು ಒಂದು ಸಲ ಎಳೆಗೂಸಿನ ಹಾಗೆ ಬಿಕ್ಕಿ, ಅಪ್ಪನ ಎದೆಯ ಮೇಲೆ ಕೆನ್ನೆಯಿಟ್ಟು ನಿದ್ದೆ ಹೋದ.

"ಸಾಕು ಮಾವ, ಬಿಡಿ" ಅಂದಳು ಗಿರಿಜೆ.

ಮಾಯಣ್ಣ ಬಿಡಲಿಲ್ಲ. ಕಣ್ಣು ತೆರೆದೇ ಇತ್ತು. ಹೆಣೆದ ಬೆರಳುಗಳನ್ನು ಒಂದೊಂದಾಗಿ ಬಿಡಿಸಲು ನಾಲ್ಕು ಜನ ಬೇಕಾಯಿತು.

ಮಾರನೆಯ ದಿನ ಗರಡಿಯ ಅಂಗಳದಲ್ಲಿ ಹೆಣಕ್ಕೆ ನೀರು ಹಾಕಲು ಹಂಡೆ ಕಾಯಿಸಿದರು. ಕಂಬ ಏರಿಯ ಮೇಲೆ ಸುಮ್ಮನೆ ನಿಂತಿತ್ತು. ಹಿಪ್ಪುನೇರಳೆಯ ಎಲೆಗಳ ಕೆಳಗೆ ಬಸವನಹುಳುಗಳು ಮತ್ತೆ ಹರಿದಾಡತೊಡಗಿದ್ದವು. ಹೊಸ ವೇಗ ಹುಡುಕಲು ಎಷ್ಟು ವರ್ಷ ಹಿಡಿಯುತ್ತದೋ ಅಂತ ಐತಾಳರು ಹೇಳಿದ್ದರು. ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡು ಅವರು ಜಗಲಿಯ ತುದಿಯಲ್ಲಿ ಕೂತಿದ್ದರು, ಪಕ್ಕದಲ್ಲಿ ಸೂಜಿಯ ಪೆಟ್ಟಿಗೆ. ಬೆಳಿಗ್ಗೆ ಮೊದಲು ಬಂದು ಅಂಗಿ ಎತ್ತಿದವನು ಚಿಕ್ಕಲಿಂಗ, ಪಟ್ಟಿ ಕಟ್ಟಿದ ತೋಳಿನಲ್ಲೇ. "ಚುಚ್ಚಿ ಸಾ" ಅಂದಿದ್ದ, ತಲೆ ಎತ್ತದೆ. ಅವನ ಹಿಂದೆ ಉಳಿದ ಪೈಲ್ವಾನರೂ ಬೆನ್ನು ಕೊಟ್ಟರು. ಯಾರೂ ನಗಲಿಲ್ಲ.

ಈಗ ಅದೇ ಚಿಕ್ಕಲಿಂಗ ಗಿರಿಜೆಯ ಹತ್ತಿರ ಬಗ್ಗಿ ಪಿಸುಗುಟ್ಟಿದ: "ಅಕ್ಕ, ಮೊದ್ಲು ಬೆನ್ನಿನ ಮಣ್ಣು ತೊಳ್ದುಬುಡನ. ಬೇರೆ ಗರಡಿಯೋರು ಬತ್ತಾವ್ರೆ. ನೋಡಬಾರ್ದು."

"ನೀರು ಹಾಕೋದು ಮಗ" ಅಂದಳು ಗಿರಿಜೆ. "ಅವ್ರೇ ಬರ್ಲಿ."

ಆಸ್ಪತ್ರೆಯ ಜೀಪಿನಿಂದ ಕೆಂಚನನ್ನು ಇಬ್ಬರು ಹಿಡಿದು ಇಳಿಸಿದರು. ಒಂದು ಕಣ್ಣು ಪೂರಾ ಹೋಗಿತ್ತು, ಇನ್ನೊಂದರಲ್ಲಿ ಬರಿಯ ಬೆಳಕು. ಗರಡಿಗೆ ಹೋದದ್ದು ಅವನಿಗೆ ನೆನಪಿತ್ತು, ಆಮೇಲಿನದು ಇರಲಿಲ್ಲ. ಉಸ್ತಾದ ಗಂಟಲು ಮುರಿದು ಸತ್ತ ಅಂತಷ್ಟೇ ಅವನಿಗೆ ಹೇಳಿದ್ದರು.

ಅಪ್ಪನನ್ನು ಮಣೆಯ ಮೇಲೆ ಕೂರಿಸಿದ್ದರು. ಕೆಂಚ ತಡವುತ್ತ ಮುಖ ಮುಟ್ಟಿದ, ಎದೆ ಮುಟ್ಟಿದ, ಹಿಂದಕ್ಕೆ ಬಳಸಿ ಬೆನ್ನು ಮುಟ್ಟಿದ. ಕೈ ಅಲ್ಲೇ ನಿಂತಿತು. ಒಣಗಿ ಹೆಪ್ಪುಗಟ್ಟಿದ ಮಟ್ಟಿಯ ಮಣ್ಣು, ಒಂದು ಹೆಗಲಿನಿಂದ ಇನ್ನೊಂದು ಹೆಗಲಿನವರೆಗೆ.

"ಇದೇನು ಮಣ್ಣು?" ಅವನ ದನಿ ಏರಿತು. "ಅಪ್ಪನ ಬೆನ್ನಿಗೆ ಮಣ್ಣಾ? ಯಾವನ್ಲಾ ನಮ್ಮಪ್ಪನ್ನ ಚಿತ್ ಮಾಡಿದ್ದು? ಹೇಳ್ರೋ!"

ಚಿಕ್ಕಲಿಂಗ ಮುಖ ತಿರುಗಿಸಿಕೊಂಡ.

ಗಿರಿಜೆ ಹತ್ತಿರ ಬಂದಳು. ಬಟ್ಟೆ ಸುತ್ತಿದ ಕೈಯಿಂದ ಗಂಡನ ಇನ್ನೊಂದು ಕೈಯನ್ನು ಎತ್ತಿ, ಅವನದೇ ಸೊಂಟದ ಹಿಂದೆ, ಡಾಕ್ಟರು ಹತ್ತಿ ಇಟ್ಟು ಅಂಟಿಸಿದ್ದ ಜಾಗಕ್ಕೆ ಮುಟ್ಟಿಸಿದಳು.

ಕೆಂಚನ ಒಂದು ಕೈ ಅಪ್ಪನ ಬೆನ್ನ ಮೇಲೆ, ಒಂದು ಕೈ ತನ್ನ ಬೆನ್ನ ಮೇಲೆ. ಹಾಗೇ ನಿಂತ. ಯಾರೋ ಹಿಡಿಯಲು ಬಂದರು, ಬೇಡವೆಂದು ತಲೆಯಾಡಿಸಿದ.

ಆಮೇಲೆ ಚೊಂಬಿಗೆ ಕೈಚಾಚಿದ. ಅಪ್ಪನ ನೆತ್ತಿಗೆ ನೀರು ಹಾಕಿದ, ಮುಖಕ್ಕೆ ಹಾಕಿದ, ಎದೆಗೆ, ತೋಳಿಗೆ, ಕಾಲಿಗೆ ಹಾಕಿದ. ನೆತ್ತಿಯ ನೀರು ಹಿಂದಕ್ಕೆ ಇಳಿಯದಂತೆ ಕುತ್ತಿಗೆ ಹಿಂದೆ ತನ್ನ ಅಂಗೈಯನ್ನು ಅಡ್ಡ ಹಿಡಿದಿದ್ದ. ಬೆನ್ನಿನ ಮಣ್ಣು ಒಣಗಿದಂತೆಯೇ ಉಳಿಯಿತು.